ಆಪರೇಟರಮ್ಮನ ಬೆಳಗಿನ ನಿದ್ದೆ

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ, ಬಸ್ಸಿನಲ್ಲಿ

ಇವತ್ತೂ ಮೈಯೆಲ್ಲ ಒದ್ದೆ. ಏಳನೇ ರೂಮಿನ ಆಪರೇಟರಮ್ಮ ಮಗ್ ಎತ್ತಿ ಎಸೆದರು. ಮಗ್ ಗೋಡೆಗೆ, ನೀರು ನನಗೆ. ಬೇರೆ ಯೂನಿಫಾರ್ಮ್ ತಂದಿರಲಿಲ್ಲ. ಊಟದ ಹೊತ್ತಿನ ತನಕ ಹಾಗೇ ಓಡಾಡಿದೆ. ಈಗ ಸೀನು ಶುರು.

ಅವರದೇನು ತಪ್ಪು? ಬೆಳಗಿನ ಜಾವ ಎಬ್ಬಿಸಿ ತಲೆಗೆ ನೀರು ಸುರಿದರೆ ನಾನೂ ಎಸೆಯುತ್ತಿದ್ದೆ. ಆದರೆ ಹೊಸ ರೂಲ್. ಹೋಮ್‌ನಲ್ಲಿರುವ ವಯಸ್ಸಾದವರೆಲ್ಲ ಆರೂವರೆಯೊಳಗೆ ಸ್ನಾನ ಮುಗಿಸಿ, ತಲೆ ಬಾಚಿಸಿಕೊಂಡು, ಹಾಲ್‌ನಲ್ಲಿ ಸಾಲಾಗಿ ಕೂತಿರಬೇಕು. ನಾವು ಫೋಟೋ ತೆಗೆದು ಸ್ಟಾಫ್ ಗ್ರೂಪ್‌ಗೆ ಹಾಕಬೇಕು. ಹೊಸ ಮ್ಯಾನೇಜರ್ ಬಂದ ಮೇಲೆ ಶುರುವಾದದ್ದು. ಮುಂಚೆ ಯಾವುದೋ ದೊಡ್ಡ ಹೋಟೆಲ್ ನೋಡಿಕೊಳ್ಳುತ್ತಿದ್ದರಂತೆ. ಬೆಡ್‌ಶೀಟಿಗೂ ಮನುಷ್ಯರಿಗೂ ವ್ಯತ್ಯಾಸ ಇನ್ನೂ ಗೊತ್ತಾಗಿಲ್ಲ. ಎರಡನ್ನೂ ಬೆಳಿಗ್ಗೆಯೇ ಮಡಚಿ ಇಡಬೇಕು ಅವರಿಗೆ.

ಅಡುಗೆಯಣ್ಣ ಅವರಿಗೆ ಇಟ್ಟ ಹೆಸರು ಕುಕ್ಕರ್. ಮೊದಲು ಗಪ್‌ಚಿಪ್. ಆಮೇಲೆ ಸಣ್ಣಗೆ ಬುಸುಬುಸು. ಆಮೇಲೆ ಇಡೀ ಕಟ್ಟಡಕ್ಕೆ ಕೇಳಿಸುವ ಸೀಟಿ. ಟೀ ಲೋಟ ಕೈಗಿಡುತ್ತಾ ಅಡುಗೆಯಣ್ಣ ದಿನಾ ಕೇಳುವುದು ಒಂದೇ: “ಎಷ್ಟು ಸೀಟಿ ಆಯ್ತಕ್ಕಾ ಇವತ್ತು?”

ಇವತ್ತು ಎರಡು. ಒಂದು ನೀರು ಚೆಲ್ಲಿದ್ದಕ್ಕೆ. ಇನ್ನೊಂದು, ಒದ್ದೆ ಬಟ್ಟೆಯಲ್ಲಿ ವಿಸಿಟರ್ಸ್ ಕಣ್ಣಿಗೆ ಬಿದ್ದಿದ್ದಕ್ಕೆ.

ಫೆಬ್ರವರಿ 4, ಮಂಗಳವಾರ

ಇವತ್ತು ಒಂದು ಕೆಲಸ ಮಾಡಿದೆ. ಬರೆದಿಡಬೇಕು.

ಆಪರೇಟರಮ್ಮ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಇದ್ದವರು. ಮದುವೆ ಆಗಲಿಲ್ಲ. ತಂಗಿಯ ಸಂಸಾರವೇ ತನ್ನ ಸಂಸಾರ ಎಂದುಕೊಂಡು ಬಾಳಿದವರು. ಮಕ್ಕಳಿದ್ದ ಹೆಂಗಸರಿಗೆ ರಾತ್ರಿ ಪಾಳಿ ಕಷ್ಟ ಎಂದು ರಿಟೈರ್ ಆಗುವ ತನಕ ಅದನ್ನು ತಾವೇ ತೆಗೆದುಕೊಂಡರಂತೆ. ಈಗ ನೆನಪು ಅಲ್ಲೊಂದು ಇಲ್ಲೊಂದು ಕೈಕೊಡುತ್ತದೆ. ಆದರೆ ಮೈ ಇನ್ನೂ ರಾತ್ರಿ ಪಾಳಿಯಲ್ಲೇ ಇದೆ. ಬೆಳಕು ಹರಿಯುವ ಹೊತ್ತಿಗೆ ಅವರಿಗೆ ಕಣ್ಣು ಎಳೆಯುತ್ತದೆ. ಸರಿಯಾಗಿ ಆಗಲೇ ನಾವು ಬಕೆಟ್ ಹಿಡಿದು ಹೋಗುತ್ತೇವೆ.

ಇವತ್ತು ನಾನು ಹೋದಾಗ ಎದ್ದು ಕೂತಿದ್ದರು.

“ನನ್ನ ಡ್ಯೂಟಿ ಮುಗೀತು ತಾಯಿ. ಹಗಲಿನವಳು ಬಂದ್ಲಾ?”

“ಬಂದ್ಲಮ್ಮ. ನಾನೇ.”

“ಹಾಗಾದ್ರೆ ತಗೋ.” ತಲೆಯ ಮೇಲಿಂದ ಏನನ್ನೋ ತೆಗೆದು ನನ್ನ ಕೈಗಿಟ್ಟರು. ಹೆಡ್‌ಫೋನ್. ಕಣ್ಣಿಗೆ ಕಾಣದ್ದು. ನಾನು ತಲೆಗೆ ಹಾಕಿಕೊಂಡೆ. ಗೋಡೆ ಕಡೆ ತಿರುಗಿ ಮಲಗಿದವರು ಮಗುವಿನ ಹಾಗೆ ನಿದ್ದೆ ಹೋದರು. ಬಕೆಟ್ ಎತ್ತಿಕೊಂಡು ಹೊರಗೆ ಬಂದೆ. ಬಾಗಿಲು ಮೆತ್ತಗೆ ಎಳೆದೆ.

ಒಂಬತ್ತರ ಹೊತ್ತಿಗೆ ತಾವೇ ಎದ್ದರು. ಮಗ್ ಅವರ ಕೈಗೇ ಕೊಟ್ಟೆ. ಮೊದಲು ಕಾಲಿಗೆ ನೀರು ಹಾಕಿಕೊಂಡು, ಬಿಸಿ ನೋಡಿಕೊಂಡು, ಅಷ್ಟಷ್ಟೇ ಮೇಲಕ್ಕೆ. ಬೆನ್ನು ಮಾತ್ರ ನನಗೆ ಬಿಟ್ಟರು. ಬೆನ್ನುಜ್ಜುವಾಗ ಹೇಳಿದರು: “ಟ್ರಂಕ್ ಕಾಲ್ ಮಾಡೋರು ಯಾಕೆ ಕಿರುಚ್ತಾರೆ ಗೊತ್ತಾ? ದೂರದಲ್ಲಿರೋರೆಲ್ಲ ಕಿವುಡ್ರು ಅಂದ್ಕೊಂಡಿರ್ತಾರೆ.” ಇಬ್ಬರೂ ನಕ್ಕೆವು. ತಿಂಡಿ ತಟ್ಟೆ ಖಾಲಿ ಮಾಡಿದರು. ಅಡುಗೆಯಣ್ಣ ಎತ್ತಿಟ್ಟಿದ್ದ, ಯಾರೂ ಹೇಳದೆಯೇ.

ಕುಕ್ಕರ್ ಇವತ್ತು ರಜೆ. ಅದಕ್ಕೇ ನಡೆಯಿತು.

ಫೆಬ್ರವರಿ 6, ಗುರುವಾರ

ಸಿಕ್ಕಿಬಿದ್ದೆ.

ಹಾಲ್‌ನಲ್ಲಿ ಎಲ್ಲರೂ ಕೂತಿದ್ದರು. ಕುಕ್ಕರ್ ಕುರ್ಚಿಗಳನ್ನು ಎಣಿಸಿದರು.

“ಏಳನೇ ರೂಮ್ ಎಲ್ಲಿ?”

“ಮಲಗಿದ್ದಾರೆ ಸರ್. ರಾತ್ರಿಯೆಲ್ಲ ನಿದ್ದೆ ಬರಲ್ಲ ಅವರಿಗೆ. ಎದ್ದ ಮೇಲೆ ನಾನೇ ಸ್ನಾನ ಮಾಡಿಸ್ತೀನಿ.”

“ನಿಮ್ಮನ್ನ ಯಾರು ಕೇಳಿದ್ರು? ಡಾಕ್ಟರಾ ನೀವು?” ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲ್ ಕಡೆ ತಿರುಗಿದರು. “ನೋಡಿ, ನಮ್ಮಲ್ಲಿ ಹೊಸ ಡಾಕ್ಟರು ಬಂದಿದ್ದಾರೆ. ಯಾರಿಗಾದ್ರೂ ನೆಗಡಿ, ಕೆಮ್ಮು ಇದ್ರೆ ತೋರಿಸ್ಕೊಳ್ಳಿ. ಬಟ್ಟೆ ಒಗೆಯೋ ಕೈಯಲ್ಲೇ ನಾಡಿ ಹಿಡೀತಾರೆ.”

ಯಾರೂ ನಗಲಿಲ್ಲ. ಹಿಂದೆ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರು ತಮ್ಮ ಚಪ್ಪಲಿ ನೋಡುತ್ತಾ ಕೂತರು. ಅವರಿಗೇ ಬೈದ ಹಾಗಿತ್ತು ಮುಖ. ನನಗೆ ಕಿವಿ ಬಿಸಿಯಾಯಿತು. ಉತ್ತರ ಹೊಳೆದದ್ದು ಬಸ್ಸಿನಲ್ಲಿ. ಯಾವಾಗಲೂ ಹೀಗೇ. ನನ್ನ ಒಳ್ಳೊಳ್ಳೆ ಮಾತುಗಳೆಲ್ಲ ಬಸ್ಸಿನ ಸೀಟಿಗೇ ಮೀಸಲು.

ಆಮೇಲೆ ಗ್ರೂಪ್‌ನಲ್ಲಿ ಮೆಸೇಜ್: “ಏಳನೇ ರೂಮಿನ ಕೆಲಸದವರಿಗೆ ಸೋಮಾರಿತನ ಜಾಸ್ತಿಯಾಗಿದೆ. ಎಲ್ಲರೂ ಗಮನಿಸಿ.” ಅದರ ಕೆಳಗೆ ಒಂದೊಂದೇ ಹೆಬ್ಬೆರಳು. ಸರಿ ಸರ್, ಸರಿ ಸರ್. ಮೊದಲ ಹೆಬ್ಬೆರಳು ನರ್ಸಕ್ಕನದು. ಕೆಲಸಕ್ಕೆ ಸೇರಿದ ದಿನ ನನಗೆ ಊಟದ ಡಬ್ಬಿಯಲ್ಲಿ ಅರ್ಧ ಕೊಟ್ಟವರು ಅವರು.

ಬೈಗುಳ ಅಷ್ಟು ಚುಚ್ಚಲಿಲ್ಲ. ಆ ಹೆಬ್ಬೆರಳು ಚುಚ್ಚಿತು.

ಫೆಬ್ರವರಿ 7, ಶುಕ್ರವಾರ. ಮನೆ

ಇವರಿಗೆ ಹೇಳಿದೆ. ಸ್ಕೂಲ್ ವ್ಯಾನ್ ತೊಳೆಯುತ್ತಿದ್ದವರು ಪೈಪ್ ಕೆಳಗೆ ಹಾಕಿ ನಿಂತರು. “ಬಿಟ್ಟು ಬಾ. ಇಡೀ ಲೋಕದಲ್ಲಿ ಅದೊಂದೇ ಕೆಲಸಾನಾ?”

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. “ಆ ಮನುಷ್ಯನ್ನ ಮನೇಲಿ ಯಾರೂ ಮಾತಾಡ್ಸಲ್ವೇನೋ. ಅದಕ್ಕೇ ಅಲ್ಲಿ ಬಂದು ಅಷ್ಟೊಂದು ಕಕ್ಕೋತಾನೆ.” ಸ್ವಲ್ಪ ಹೊತ್ತು ಬಿಟ್ಟು: “ನನ್ನನ್ನ ಯಾರಾದ್ರೂ ಆ ಹೊತ್ತಲ್ಲಿ ಎಬ್ಬಿಸಿ ನೀರು ಹಾಕ್ಲಿ ನೋಡೋಣ. ಮಗ್ ಯಾಕೆ, ಬಕೆಟ್ಟೇ ಎಸೀತೀನಿ.”

“ನಿಮ್ಮನ್ನ ಎಬ್ಬಿಸೋ ಧೈರ್ಯ ಯಾರಿಗಿದೆ ಅತ್ತೆ.”

“ಅದೇ ಮತ್ತೆ. ಆ ಅಮ್ಮನಿಗೆ ಸೊಸೆ ಇಲ್ಲ. ನೀನಿದ್ದೀಯ.”

ಹೇಳಿದ ರೀತಿ ಎಷ್ಟು ಸಲೀಸು! ಸೊಪ್ಪಿನ ಕಡ್ಡಿ ಮುರಿದ ಹಾಗೆ.

ಬಿಡಬಹುದು. ಆದರೆ ಮುಂಚೆ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಇದ್ದೆನಲ್ಲ... ದಿನವಿಡೀ ಡಬ್ಬಗಳು ಮುಂದೆ ಹಾದು ಹೋಗುತ್ತಿದ್ದವು. ಒಂದು ಡಬ್ಬವಾದರೂ “ಊಟ ಆಯ್ತಾ ತಾಯಿ” ಎಂದು ಕೇಳಿರಲಿಲ್ಲ. ಇಲ್ಲಿ ದಿನಾ ಕೇಳುತ್ತಾರೆ. ಕೇಳಿದ್ದನ್ನು ಮರೆತು ಮತ್ತೆ ಕೇಳುತ್ತಾರೆ. ನನಗೆ ಈ ಕೆಲಸ ಇಷ್ಟ. ಆ ಮನುಷ್ಯನ ಬಾಯಿಗೆ ಹೆದರಿ ಇಷ್ಟದ ಕೆಲಸ ಬಿಡುವುದೇ?

ಫೆಬ್ರವರಿ 10, ಸೋಮವಾರ

ನೇರವಾಗಿ ಮಾತಾಡೋಣ ಎಂದು ಡ್ಯೂಟಿ ಮುಗಿಸಿ ಅವರ ರೂಮಿಗೆ ಹೋದೆ. ಕೂರಿ ಎನ್ನಲಿಲ್ಲ. ನಿಂತೇ ಹೇಳಿದೆ. ಬೈಯುವುದಿದ್ದರೆ ಕರೆದು ಬೈಯಿರಿ ಸರ್, ಎಲ್ಲರ ಮುಂದೆ ಬೇಡ. ಆಪರೇಟರಮ್ಮನಿಗೆ ಮಾತ್ರ ಸ್ನಾನದ ಹೊತ್ತು ಬದಲಿಸಿ. ಮನೆಯಲ್ಲಿ ಕನ್ನಡಿ ಮುಂದೆ ಹೇಳಿ ನೋಡಿಕೊಂಡಿದ್ದೆ. ಒಂದು ಮಾತೂ ತಪ್ಪಲಿಲ್ಲ.

ಫೋನ್ ನೋಡುತ್ತಾ ಕೇಳಿಸಿಕೊಂಡರು.

“ಮುಗೀತಾ? ನೋಡಮ್ಮ, ನಿನ್ನಂಥೋರು ಗೇಟ್ ಹತ್ರ ಕಾಯ್ತಾ ನಿಂತಿದ್ದಾರೆ.” ಹಾಲ್‌ನಲ್ಲಿ “ನೀವು”, ರೂಮಿನಲ್ಲಿ “ನೀನು”. “ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರಿಗೂ ಬೇಕು. ಆ ಅಮ್ಮ ಸ್ಟಾಫ್ ಮೇಲೆ ಕೈ ಮಾಡ್ತಾರೆ. ಅಂಥವರಿಗೆ ಜಾಗ ಮೇಲಿನ ಮಹಡಿ. ತಂಗಿ ಮಗ ಬಂದು ಸಹಿ ಹಾಕಿದ ತಕ್ಷಣ ಶಿಫ್ಟ್. ಇನ್ನು ನಿನಗೆ ಅಷ್ಟು ಕನಿಕರ ಇದ್ರೆ ನೀನೂ ಮೇಲೇ ಇರು. ನಾಳೆಯಿಂದ.”

ಹೊರಗೆ ಬಂದು ಮೆಟ್ಟಿಲ ಕಡೆ ನೋಡಿದೆ. ನನ್ನ ಚಿಂತೆಯಲ್ಲ. ಮೇಲಿನ ಮಹಡಿಗೆ ಹೋದವರು ಮತ್ತೆ ಕೆಳಗೆ ಬಂದದ್ದನ್ನು ಇಷ್ಟು ದಿನದಲ್ಲಿ ನಾನು ನೋಡಿಲ್ಲ.

ಫೆಬ್ರವರಿ 18, ಮಂಗಳವಾರ

ಬರೆಯಲು ಮನಸ್ಸಾಗಿರಲಿಲ್ಲ. ವಾರದ ರಜೆಯನ್ನೂ ಕಿತ್ತುಕೊಂಡರು. ಹಿಂದಿನ ಸಂಜೆ ಮೆಸೇಜ್, ಅಷ್ಟೇ.

ಮೇಲಿನ ಮಹಡಿ. ಮೆಟ್ಟಿಲು ಮುಗಿದ ಕಡೆ ಕಬ್ಬಿಣದ ಬಾಗಿಲು, ಹೊರಗಿನಿಂದ ಚಿಲಕ. ಒಳಗೆ ಉದ್ದನೆಯ ಒಂದೇ ಕೋಣೆ. ಯಾರೂ ನೋಡದ ಟಿವಿ ಯಾವಾಗಲೂ ಕೂಗುತ್ತಿರುತ್ತದೆ. ಕಿಟಕಿಗೆ ದಪ್ಪನೆಯ ಪರದೆ. ಏನೂ ತಿಳಿಯದವರು ಇರುತ್ತಾರೆ ಎಂದುಕೊಂಡಿದ್ದೆ. ಕೆಲವರು ಹಾಗೇ ಇದ್ದಾರೆ. ಎಲ್ಲರೂ ಅಲ್ಲ. ಡ್ರೈವರಜ್ಜ ಲಾರಿ ಓಡಿಸುತ್ತಿದ್ದವರು. ಒಂದು ದಿನ ಗೇಟ್ ತೆರೆದಿತ್ತು, ಬೀದಿಯಲ್ಲಿ ಕೆಟ್ಟು ನಿಂತ ಲಾರಿ ನೋಡಲು ಹೋದರು. ಓಡಿಹೋಗುತ್ತಾರೆ ಎಂದು ಮೇಲೆ ಹಾಕಿದರು. “ಓಡಿಹೋಗೋ ಕಾಲಾ ಇದು?” ಎಂದು ಮಂಡಿ ತಟ್ಟಿ ತೋರಿಸಿದರು.

ಮೊದಲ ದಿನ ಪರದೆ ಸರಿಸಿದೆ. ಎರಡನೇ ದಿನ ಟಿವಿ ಆರಿಸಿದೆ. ಯಾರಾದರೂ ಹಾಕು ಎನ್ನುತ್ತಾರಾ ಎಂದು ಕಾದೆ. ಯಾರೂ ಎನ್ನಲಿಲ್ಲ. ಆ ಮೌನದಲ್ಲಿ, ತಿಂಗಳುಗಟ್ಟಲೆ ಬಾಯಿ ಬಿಡದ ಒಬ್ಬ ಅಜ್ಜಿ ನನ್ನ ಕಡೆ ನೋಡಿ, “ಅಬ್ಬಾ, ಈಗ ಸುಖ ಆಯ್ತು” ಎಂದರು. ಕುಕ್ಕರ್ ನನ್ನನ್ನು ಶಿಕ್ಷೆಗೆಂದು ಕಳಿಸಿದ್ದು ಮರೆತೇ ಹೋಯಿತು ಆ ಕ್ಷಣ.

ಆದರೆ ಕೆಳಗಿನ ಸುದ್ದಿ ಚೆನ್ನಾಗಿಲ್ಲ. ಮೆಟ್ಟಿಲಲ್ಲಿ ನರ್ಸಕ್ಕ ಸಿಕ್ಕಿದರು. ಆಪರೇಟರಮ್ಮನನ್ನು ಇಬ್ಬರು ಹಿಡಿದು ಸ್ನಾನ ಮಾಡಿಸುತ್ತಾರಂತೆ. ಈಗ ಆ ಅಮ್ಮ ಕೈ ಎತ್ತುವುದನ್ನೂ ಬಿಟ್ಟಿದ್ದಾರೆ, ಮಾತಾಡುವುದನ್ನೂ ಬಿಟ್ಟಿದ್ದಾರೆ. ತಿಂಡಿ ಬೇಡ. ಕುರ್ಚಿಯಲ್ಲಿ ಕೂರಿಸಿದರೆ ಕೂತಲ್ಲೇ ಕತ್ತು ವಾಲುತ್ತದೆ. “ಸುಧಾರಿಸಿದ್ದಾರೆ” ಎಂದು ಕುಕ್ಕರ್ ಹೇಳಿಕೊಂಡು ತಿರುಗುತ್ತಿದ್ದಾರೆ.

“ಮತ್ತೆ ನೀವೂ ಹೆಬ್ಬೆರಳು ಒತ್ತಿದ್ರಲ್ಲ ನರ್ಸಕ್ಕ,” ಎಂದುಬಿಟ್ಟೆ. ತಡೆಯಲಾಗಲಿಲ್ಲ.

ಕಣ್ಣಲ್ಲಿ ನೀರು ಬಂತು ಅವರಿಗೆ. “ಭಯ ಕಣೇ. ರಿಟೈರ್ ಆಗೋಕೆ ಸ್ವಲ್ಪ ದಿನ ಇದೆ. ಈ ವಯಸ್ಸಲ್ಲಿ ಯಾರ ಬಾಗಿಲು ತಟ್ಟಲಿ?” ಕೈಯಲ್ಲಿದ್ದ ಔಷಧಿಯ ಟ್ರೇ ಒಂದು ಕಡೆ ವಾಲಿತು. ನನ್ನ ಕೋಪ ಅಲ್ಲೇ ಇಳಿಯಿತು. ಟ್ರೇಯ ಇನ್ನೊಂದು ಬದಿ ಹಿಡಿದು ಕೆಳಗಿನ ತನಕ ಹೋದೆ.

ಫೆಬ್ರವರಿ 21, ಶುಕ್ರವಾರ

ಬಸ್ ಡಿಪೋ ಪಕ್ಕದ ಇನ್ನೊಂದು ಹೋಮ್‌ಗೆ ಹೋಗಿ ಬಂದೆ. ಇವರೇ ವ್ಯಾನಿನಲ್ಲಿ ಬಿಟ್ಟರು. ಅಲ್ಲಿನ ಮೇಡಂ ಟೀ ಕೊಟ್ಟು ಮಾತಾಡಿಸಿದರು. ತಿಂಗಳ ಮೊದಲಿಂದ ಬನ್ನಿ ಎಂದರು. ಹೊರಗೆ ಬಂದಾಗ ಭುಜದ ಮೇಲಿಂದ ಮೂಟೆ ಇಳಿಸಿದ ಹಾಗಿತ್ತು. ದಾರಿಯುದ್ದಕ್ಕೂ ಇವರು ಶಿಳ್ಳೆ ಹಾಕಿದರು.

ಮನೆಗೆ ಬಂದ ಮೇಲೆ ನೆನಪಾಯಿತು. ಭಾನುವಾರ ಆಪರೇಟರಮ್ಮನ ತಂಗಿಯ ಮಗ ಬರುತ್ತಾನೆ. ಸಹಿ ಹಾಕಲು.

ಹೋಗುವುದಿದ್ದರೂ ಭಾನುವಾರ ಆದ ಮೇಲೆ.

ಫೆಬ್ರವರಿ 23, ಭಾನುವಾರ

ಅಕ್ಷರ ನೆಟ್ಟಗಿಲ್ಲ. ಇರಲಿ.

ನೋಡಲು ಬರುವ ಮನೆಯವರ ಹತ್ತಿರ ಸ್ಟಾಫ್ ಯಾರೂ ಮಾತಾಡಕೂಡದು ಎಂದು ಬೆಳಿಗ್ಗೆಯೇ ಮೆಸೇಜ್. ನಾನಂತೂ ಮೇಲೆ, ಬಾಗಿಲ ಹಿಂದೆ. ಹನ್ನೊಂದರ ಹೊತ್ತಿಗೆ ಚಿಲಕದ ಸದ್ದು. ನರ್ಸಕ್ಕ. ಏದುಸಿರು.

“ಆ ಹುಡುಗ ಬಂದಿದ್ದಾನೆ. ಆಫೀಸಲ್ಲಿದ್ದಾನೆ. ಹೋಗು. ಇಲ್ಲಿ ನಾನಿರ್ತೀನಿ.”

“ನಿಮ್ಗೆ ತೊಂದ್ರೆ ಆಗತ್ತೆ ನರ್ಸಕ್ಕ.”

“ಆಗ್ಲಿ ಹೋಗು ಅಂದ್ನಲ್ಲ!”

ಹುಡುಗ ಎಂದರೆ ತಲೆಯಲ್ಲಿ ಬಿಳಿ ಕೂದಲು ಬಂದ ಹುಡುಗ. ಕನ್ನಡಕದ ಅಂಗಡಿ ಇಟ್ಟವನು. ಮೇಜಿನ ಆಚೆ ಕುಕ್ಕರ್, ಈಚೆ ಅವನು, ಪಕ್ಕದಲ್ಲಿ ಆಪರೇಟರಮ್ಮ, ಕತ್ತು ಬಗ್ಗಿಸಿಕೊಂಡು. ಅವನ ಕೈಯಲ್ಲಿ ಪೆನ್.

“ಸರ್, ಒಂದು ನಿಮಿಷ,” ಎಂದೆ. ಧ್ವನಿ ನನ್ನದೇ ಎನ್ನಿಸಲಿಲ್ಲ.

“ನಿಮ್ಮ ಡ್ಯೂಟಿ ಮೇಲೆ ಅಲ್ವಾ? ಹೊರಗೆ ನಡೀರಿ.”

ನಡೆಯಲಿಲ್ಲ. ಅವನ ಕಡೆ ತಿರುಗಿದೆ. “ನಿಮ್ಮ ದೊಡ್ಡಮ್ಮ ಕೈ ಎತ್ತೋದು ಬೆಳಗಿನ ಜಾವ ಎಬ್ಬಿಸಿದಾಗ ಮಾತ್ರ. ಅವರು ಜೀವಮಾನ ಎಲ್ಲ ಆ ಹೊತ್ತಲ್ಲಿ ಮಲಗಿದವರು. ಮಲಗೋಕೆ ಬಿಟ್ರೆ ತಾವೇ ಎದ್ದು ಬಂದು ಸ್ನಾನ ಮಾಡ್ತಾರೆ, ನಗ್ತಾರೆ, ತಿಂತಾರೆ. ನಾನೇ ನೋಡಿದ್ದೀನಿ. ಮೇಲಿನ ಬಾಗಿಲಿಗೆ ಚಿಲಕ ಇದೆ. ಸಹಿ ಹಾಕೋ ಮುಂಚೆ ಒಂದ್ಸಲ ಹತ್ತಿ ನೋಡಿ. ಅಷ್ಟೇ ನಾನು ಹೇಳೋದು.”

ಕುಕ್ಕರ್ ಎದ್ದು ನಿಂತರು. ಮೇಜು ಗುದ್ದಿದರು. ನೀನು ಯಾರು, ನಿನ್ನ ಯೋಗ್ಯತೆ ಏನು, ಈಗಲೇ ಗೇಟ್‌ನಿಂದ ಆಚೆ... ಕಾರಿಡಾರ್‌ನಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. ಸೌಟು ಹಿಡಿದ ಅಡುಗೆಯಣ್ಣನೂ.

ಆಪರೇಟರಮ್ಮ ನಿಧಾನಕ್ಕೆ ತಲೆ ಎತ್ತಿದರು. ಒಂದು ಕೈ ಕಿವಿಯ ಹತ್ತಿರ ಹೋಯಿತು. ವಾರದಿಂದ ಬಾಯಿ ಬಿಡದವರು, ತೊಳೆದಿಟ್ಟ ಹಾಗಿನ ಧ್ವನಿಯಲ್ಲಿ ಹೇಳಿದರು:

“ಸ್ವಲ್ಪ ಮೆಲ್ಲಗೆ ಮಾತಾಡಿ. ಲೈನ್ ಸರಿಯಾಗಿದೆ. ಕೇಳಿಸ್ತಾ ಇದೆ.”

ಕುಕ್ಕರ್ ಬಾಯಿ ತೆರೆದೇ ಇತ್ತು. ಹಿಂದೆ ಯಾರೋ ಫಕ್ಕನೆ ನಕ್ಕರು. ತಂಗಿಯ ಮಗನೂ ನಗಲು ಹೊರಟವನು ನಗಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

“ದೊಡ್ಡಮ್ಮ ಡ್ಯೂಟಿ ಮುಗಿಸಿ ಬಂದು ಮಲಗಿದ್ರೆ ನಮ್ಮಮ್ಮ ನಮ್ಮನ್ನ ಬೀದಿಗೆ ಓಡಿಸ್ತಿದ್ರು,” ಎಂದ. “ಮನೇಲಿ ಒಂದು ಚಮಚ ಸದ್ದು ಮಾಡೋ ಹಾಗಿರ್ಲಿಲ್ಲ. ಅವರ ಸಂಬಳದಲ್ಲಿ ಓದಿದವನು ನಾನು. ನಂಗೇ ಇದು ಹೊಳೀಲಿಲ್ವಲ್ಲ...” ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟ. “ನಾನು ಸಹಿ ಹಾಕಲ್ಲ ಸರ್. ಅವರನ್ನ ಮಲಗೋಕೆ ಬಿಡಿ.”

ಅವನು ಹೋದ ಮೇಲೆ ಕುಕ್ಕರ್ ನನ್ನನ್ನು ಕರೆದರು. ಕೂಗಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ನಾಳೆಯಿಂದ ಬರೋದು ಬೇಡ. ಹೇಳಿ ಕಳಿಸೋ ತನಕ.”

ಯೂನಿಫಾರ್ಮ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಈ ಸಲ ಬಸ್ಸಿನಲ್ಲಿ ಹೊಸದಾಗಿ ಏನೂ ಹೊಳೆಯಲಿಲ್ಲ. ಹೇಳಬೇಕಾದ್ದನ್ನೆಲ್ಲ ಅಲ್ಲೇ ಹೇಳಿ ಬಂದಿದ್ದೆ.

ಫೆಬ್ರವರಿ 24, ಸೋಮವಾರ

ಕತ್ತಲಿರುವಾಗಲೇ ಎಚ್ಚರವಾಯಿತು. ಮೈಗೆ ಕೆಲಸ ಹೋದ ಸುದ್ದಿ ಇನ್ನೂ ತಲುಪಿಲ್ಲ. ಎದ್ದು ಒಲೆ ಹಚ್ಚಲು ಹೋದರೆ ಅತ್ತೆ ಬೈದರು. “ಹೋಗಿ ಮಲಕ್ಕೋ. ಊರಿನೋರ ನಿದ್ದೆಗೆ ಜಗಳ ಆಡಿ ಬಂದಿದ್ದೀಯ, ನಿನ್ನ ನಿದ್ದೆ ಯಾರು ಮಾಡ್ಬೇಕು?”

ಮಲಗಿದೆ. ನಿದ್ದೆ ಬರಲಿಲ್ಲ. ಕೆಲಸ ಹೋಗಿದ್ದಕ್ಕಿಂತ, ಏಳನೇ ರೂಮಿಗೆ ಈಗ ಯಾರು ಹೋಗಿರಬಹುದು ಎಂಬ ಯೋಚನೆ.

ಡಿಪೋ ಪಕ್ಕದ ಮೇಡಂ ಫೋನ್ ಮಾಡಿದ್ದರು. ಇನ್ನೆರಡು ದಿನ ಕೊಡಿ ಎಂದೆ.

ಫೆಬ್ರವರಿ 26, ಬುಧವಾರ

ಅಡುಗೆಯಣ್ಣನ ಫೋನ್. ಹಿಂದೆ ಪಾತ್ರೆಗಳ ಸದ್ದು. ನನ್ನನ್ನು ಗ್ರೂಪ್‌ನಿಂದ ತೆಗೆದುಹಾಕಿದ್ದಾರಲ್ಲ, ಅದಕ್ಕೆ ಅವನೇ ಓದಿ ಹೇಳಿದ. ನಾಟಕದ ಪಾತ್ರಧಾರಿಯ ಹಾಗೆ, ಬೇರೆ ಬೇರೆ ಧ್ವನಿಯಲ್ಲಿ.

ಕುಕ್ಕರ್ ಬೆಳಿಗ್ಗೆ ಕೇಳಿದ್ದು: “ಏಳನೇ ರೂಮ್ ಯಾಕೆ ಹಾಲ್‌ಗೆ ಬಂದಿಲ್ಲ?”

ನರ್ಸಕ್ಕ ಬರೆದದ್ದು: “ಮಲಗಿದ್ದಾರೆ. ಎಬ್ಬಿಸಬೇಡಿ ಅಂತ ನಾನೇ ಹೇಳಿದ್ದು. ಬೈಯೋದಿದ್ರೆ ನನಗೇ ಬೈಯಿರಿ ಸರ್.”

“ಆಮೇಲೆ?” ಎಂದೆ.

“ಆಮೇಲೇನು! ನರ್ಸಕ್ಕನ ಮೆಸೇಜ್‌ಗೆ ಒಂದು ಹೆಬ್ಬೆರಳು ಬಿತ್ತು. ವಾಚ್‌ಮನ್ ಮಾವಂದು. ಆಮೇಲೆ ಇನ್ನೊಂದು. ಆಮೇಲೆ ಸುರಿಮಳೆ. ನಾನೂ ಒತ್ತಿದೆ ಅಕ್ಕಾ. ಕೈಯೆಲ್ಲ ಹಿಟ್ಟು, ಹಾಗೇ ಒತ್ತಿದೆ. ಫೋನ್ ಈಗ್ಲೂ ಸರಿಯಾಗಿಲ್ಲ.”

“ಕುಕ್ಕರ್ ಏನಂದ್ರು?”

“ಗ್ಯಾಸ್ ಮುಗಿದಿರ್ಬೇಕು. ಒಂದು ಸೀಟೀನೂ ಇಲ್ಲ.”

ಫೋನ್ ಇಟ್ಟು ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತೆ. ಆಗ ಬಂತು ಅಳು. ಅತ್ತೆ ಏನೂ ಕೇಳದೆ ಮುಂದೆ ಒಂದು ಲೋಟ ನೀರಿಟ್ಟು ಹೋದರು.

ಫೆಬ್ರವರಿ 28, ಶುಕ್ರವಾರ

ಹೋಮ್ ನಡೆಸುವ ಟ್ರಸ್ಟಿನ ಹಿರಿಯಮ್ಮ ಹೇಳಿ ಕಳಿಸಿದ್ದರು. ತಂಗಿಯ ಮಗ ಅವರ ಮನೆಗೇ ಹೋಗಿ ಮಾತಾಡಿದ್ದನಂತೆ. ಹಿರಿಯಮ್ಮ ಆಫೀಸಿನಲ್ಲಿ ಕೂರದೆ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಒಬ್ಬೊಬ್ಬರನ್ನೇ ಕರೆದು ಕೇಳಿದರು. ಮೇಲಿನ ಮಹಡಿಯನ್ನೂ ಹತ್ತಿ ನೋಡಿದರಂತೆ, ಮೂರು ಕಡೆ ನಿಂತು ದಣಿವಾರಿಸಿಕೊಂಡು.

ನನ್ನನ್ನು ಕೇಳಿದ್ದು: “ಮ್ಯಾನೇಜರನ್ನ ತೆಗೆದುಹಾಕ್ಬೇಕು ಅಂತೀಯೇನಮ್ಮ?”

ಈ ಪ್ರಶ್ನೆಗೆ ಸಿದ್ಧವಿರಲಿಲ್ಲ. ಹೂಂ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಹಾಲ್‌ನಲ್ಲಿ ಆಡಿದ ಆ ಡಾಕ್ಟರ್ ಮಾತು ನೆನಪಾಗಿ ಮೈ ಉರಿಯಿತು ಕೂಡ.

“ಅದು ನಿಮಗೆ ಬಿಟ್ಟಿದ್ದಮ್ಮ. ನನಗೆ ಬೇಕಾಗಿರೋದು, ಯಾರನ್ನೂ ಎಲ್ಲರ ಮುಂದೆ ಬೈಯಬಾರದು. ಅವರವರು ಎದ್ದಾಗ ಅವರವರಿಗೆ ಸ್ನಾನ ಆಗಬೇಕು. ಯಾರನ್ನಾದ್ರೂ ಮೇಲಿನ ಮಹಡಿಗೆ ಕಳಿಸೋ ಮುಂಚೆ, ಅವರನ್ನ ನೋಡ್ಕೊಳ್ಳೋರನ್ನ ಒಂದು ಮಾತು ಕೇಳಬೇಕು.”

ಹಿರಿಯಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಹಾಸಿಗೆ ಖಾಲಿ ಬಿದ್ದಿದೆ, ತುಂಬಿಸಿ, ಬಂದವರ ಕಣ್ಣಿಗೆ ಚೆನ್ನಾಗಿ ಕಾಣ್ಬೇಕು ಅಂತ ಅವರ ಬೆನ್ನು ಬಿದ್ದಿದ್ದು ನಾವೇ,” ಎಂದರು. “ಕಣ್ಣಿಗೆ ಕಾಣೋದೊಂದೇ ಅಲ್ಲ ಅಂತ ನಾವು ಹೇಳಲಿಲ್ಲ. ಹೇಳ್ತೀನಿ. ಮೂರು ತಿಂಗಳು ನೋಡ್ತೀನಿ. ನೀನು ಸೋಮವಾರದಿಂದ ಬಾ.”

ಡಿಪೋ ಪಕ್ಕದ ಮೇಡಂಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ನಕ್ಕರು. “ಬಾಗಿಲು ತೆಗೆದೇ ಇರತ್ತೆ.”

ಮಾರ್ಚ್ 3, ಸೋಮವಾರ

ಗೇಟ್ ದಾಟುವಾಗ ಕಾಲು ಹಿಂದೇಟು ಹಾಕಿತು. ವಾಚ್‌ಮನ್ ಮಾವ ಎದ್ದು ನಿಂತು ಸೆಲ್ಯೂಟ್ ಹೊಡೆದುಬಿಟ್ಟರು! ನಾಚಿಕೆಯಾಗಿ ಓಡಿದೆ.

ಕುಕ್ಕರ್ ರೂಮಿಗೆ ಹೋಗಲೇಬೇಕಿತ್ತು, ಸಹಿಗೆ. ಮುಖ ಬಾಡಿತ್ತು. ಗಡ್ಡ ಮಾಡಿರಲಿಲ್ಲ.

“ಗೆದ್ದೆ ಅಂದ್ಕೋಬೇಡಿ.”

“ಗೆಲ್ಲೋಕೆ ಬಂದಿಲ್ಲ ಸರ್. ಕೆಲಸಕ್ಕೆ ಬಂದಿದ್ದೀನಿ.”

ಸಹಿ ಪುಸ್ತಕ ನನ್ನ ಕಡೆ ತಳ್ಳಿದರು. “ಯಾವ ಮಹಡಿ ಬೇಕು?” ಕೊಂಕಿಲ್ಲದೆ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. ನಾನು ಏಳನೇ ರೂಮ್ ಎನ್ನುತ್ತೇನೆ ಎಂದುಕೊಂಡಿದ್ದರು. ನಾನೂ ಹಾಗೇ ಎಂದುಕೊಂಡು ಬಂದಿದ್ದೆ.

“ಮೇಲಿಂದು,” ಎಂದೆ. ಏಳನೇ ರೂಮಿಗೆ ಈಗ ಎಲ್ಲರೂ ಇದ್ದಾರೆ. ಮೇಲಿನವರಿಗೆ ಯಾರೂ ಇಲ್ಲ. “ಆದ್ರೆ ಮಧ್ಯಾಹ್ನ ಆ ಬಾಗಿಲು ತೆಗೀಬೇಕು ಸರ್. ನಾನು ಜೊತೆಗಿದ್ದು ಅವರನ್ನ ಅಂಗಳಕ್ಕೆ ಕರ್ಕೊಂಡು ಬರ್ತೀನಿ.”

“ಯಾರಾದ್ರೂ ಬಿದ್ರೆ?”

“ಹಿಡ್ಕೋತೀನಿ.”

“ನೋಡೋಣ,” ಎಂದರು. ಕುಕ್ಕರ್ ಬಾಯಿಂದ “ನೋಡೋಣ” ಬರುವುದೆಂದರೆ ಬೇರೆಯವರು ಹಾರ ಹಾಕಿದ ಹಾಗೆ.

ಹೋಗುವ ಮುಂಚೆ ಏಳನೇ ರೂಮಿಗೆ ಇಣುಕಿದೆ. ಒಳ್ಳೆ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಮುಖ ತುಂಬಿಕೊಂಡಿದೆ.

ಮಾರ್ಚ್ 11, ಮಂಗಳವಾರ

ಕುಕ್ಕರ್ ಬದಲಾಗಿದ್ದಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಇವತ್ತು ಟವೆಲ್ ವಿಷಯಕ್ಕೆ ಕೂಗಲು ಶುರು ಮಾಡಿದರು. ನರ್ಸಕ್ಕ ಕಿವಿಯ ಹತ್ತಿರ ಕೈ ಇಟ್ಟುಕೊಂಡು ಸುಮ್ಮನೆ ನಿಂತರು, ಆಪರೇಟರಮ್ಮನ ಹಾಗೆ. ಕುಕ್ಕರ್ ಅರ್ಧಕ್ಕೇ ನಿಲ್ಲಿಸಿದರು. ಮುಖ ಕೆಂಪಾಯಿತು. ಆಮೇಲೆ ಸಣ್ಣ ಧ್ವನಿಯಲ್ಲಿ, “ಟವೆಲ್ ಒಣಗಿಲ್ಲ, ನೋಡಿ,” ಎಂದರು. ನೋಡಿದೆವು. ನಿಜವಾಗಿಯೂ ಒಣಗಿರಲಿಲ್ಲ. ಹೋಗಿ ಬದಲಾಯಿಸಿದೆ. ಇಷ್ಟೇ ಸಾಕಿತ್ತಲ್ಲ ಮೊದಲಿನಿಂದಲೂ!

ಮಧ್ಯಾಹ್ನ ಕಬ್ಬಿಣದ ಬಾಗಿಲು ತೆಗೆಯುತ್ತೇವೆ ಈಗ. ಮೊದಲ ದಿನ ಯಾರೂ ಹೊರಗೆ ಬರಲಿಲ್ಲ. ತೆರೆದ ಬಾಗಿಲನ್ನು ನೋಡುತ್ತಾ ಕೂತರು. ನಿನ್ನೆ ಟಿವಿ ಬೇಡದ ಅಜ್ಜಿ ನನ್ನ ಕೈ ಹಿಡಿದು ಅಂಗಳದ ತನಕ ಬಂದರು. ಬಿಸಿಲಿಗೆ ಅಂಗೈ ಒಡ್ಡಿಕೊಂಡು ಕೂತರು. ಒಳಗೆ ಬನ್ನಿ ಎಂದರೆ, “ಇರು, ಇನ್ನೂ ಬೆಚ್ಚಗಾಗ್ಲಿ.”

ಮಾರ್ಚ್ 16, ಭಾನುವಾರ. ಬೆಳಿಗ್ಗೆ, ಮನೆ

ವಾರದ ರಜೆ. ಯಾರೂ ಕಿತ್ತುಕೊಳ್ಳದ ರಜೆ. ಇವರು ವ್ಯಾನ್ ತೊಳೆದು ಫಳಫಳ ಮಾಡಿದ್ದಾರೆ, ಅತ್ತೆಯನ್ನೂ ಕರೆದುಕೊಂಡು ಕೆರೆ ಕಡೆ ಹೋಗುವುದಂತೆ. ಸ್ಕೂಲ್ ಮಕ್ಕಳ ಸೀಟಿನಲ್ಲಿ ತಮ್ಮ ಮಂಡಿ ಹಿಡಿಸುವುದಿಲ್ಲ ಎಂದು ಅತ್ತೆ ನಿನ್ನೆಯಿಂದ ಗೊಣಗುತ್ತಿದ್ದಾರೆ. ಎಲ್ಲರಿಗಿಂತ ಮುಂಚೆ ತಲೆ ಬಾಚಿಕೊಂಡು ಕೂತವರೂ ಅವರೇ.

ಹೊರಡುವ ಮುಂಚೆ ನಿನ್ನೆಯದೊಂದು ಬರೆಯಬೇಕು.

ಡ್ರೈವರಜ್ಜ ಕೊನೆಗೂ ಕೆಳಗೆ ಇಳಿಯುತ್ತೇನೆ ಎಂದರು. ಮಂಡಿ ನೋವು, ಭಾರದ ಆಳು. ಒಂದು ತೋಳು ನಾನು ಹಿಡಿದೆ. ಅರ್ಧ ಇಳಿಯುವಷ್ಟರಲ್ಲಿ ಅವರ ಕಾಲು ನಡುಗಲು ಶುರುವಾಯಿತು, ನನ್ನ ಕೈ ಸೋತಿತು. ಕೆಳಗಿನಿಂದ ಕುಕ್ಕರ್ ಹತ್ತಿ ಬರುತ್ತಿದ್ದರು. ನೋಡಿ ನಿಂತರು. ಮುಗಿಯಿತು, ಈಗ ಬಾಗಿಲು ಮುಚ್ಚಿಸುತ್ತಾರೆ ಎಂದುಕೊಂಡೆ. ಅವರು ಫೋನ್ ಜೇಬಿಗಿಟ್ಟು, ಇನ್ನೊಂದು ಕಡೆಯಿಂದ ಬಂದು, ಅಜ್ಜನ ಇನ್ನೊಂದು ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು. ನನ್ನ ಮುಖ ನೋಡಲಿಲ್ಲ.

“ಎಡಗಾಲು ಮೊದ್ಲು,” ಎಂದು ಅಜ್ಜ ಅವರಿಗೇ ಹೇಳಿಕೊಟ್ಟರು.

“ಎಡಗಾಲು ಮೊದ್ಲು,” ಎಂದರು ಕುಕ್ಕರ್. ಎಷ್ಟು ಮೆಲ್ಲಗೆ!

ಅಂಗಳಕ್ಕೆ ಬಂದ ಮೇಲೆ ಅವರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ನಾನು ಕಾದೆ. ಅವರು—

ಇವರು ಹಾರ್ನ್ ಹೊಡೆಯುತ್ತಿದ್ದಾರೆ. ಬಂದೆ ಬಂದೆ ಎಂದೆ. ಅತ್ತೆ ಬೇರೆ ಕೂಗುತ್ತಿದ್ದಾರೆ. ಉಳಿದದ್ದು ಬಂದ ಮೇಲೆ.